ದೊಡ್ಡಪ್ಪನ ಅರ್ಧ ಸುತ್ತು, ಸೈಗಾನಿನ ಬಿಸಿ ಎಂಜಿನ್ನು

ಶಿಕಾರಿಪುರ

"ಆಗಂಗಿಲ್ಲ ಬಿಡವಾ" ಎಂದವರು ನಮ್ಮ ದೊಡ್ಡಪ್ಪ ಬಸಪ್ಪ. ಬೇರೆ ಯಾರಾದರೂ ಅಂದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಹತ್ತನೇ ಕ್ಲಾಸು ಮುಗಿಸಿ ಡಿಪ್ಲೊಮಾ ಅರ್ಜಿ ತಂದಾಗ ಒಂದು ಸಲ ಅಂದರು. ಡಿಪ್ಲೊಮಾ ಆದ ಮೇಲೆ ಎಂಜಿನಿಯರಿಂಗ್ ಸೇರುತ್ತೇನೆ ಎಂದಾಗ ಇನ್ನೊಂದು ಸಲ. ಎರಡೂ ಸಲ, ಅಂದವರೇ ಮರುದಿನ ಬೆಳಿಗ್ಗೆ ಬೈಕಿನಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು. ವಿಯೆಟ್ನಾಮಿಗೆ ಹೋಗಬೇಕು ಎಂದಾಗ ಮೂರನೇ ಸಲ ಅಂದರು. ಆ ಸಲ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅಂದರು.

"ಬಿಸಿ ಎಂಜಿನ್ ನೋಡಾಕೆ ವಿಮಾನ ಹತ್ತಬೇಕೇನವಾ? ಬಾಷಾ ಸಾಬ್ರ ಗಾಡಿ ವಾರಕ್ಕೊಂದು ಸಲ ಇಲ್ಲಿಗೇ ಬರಂಗಿಲ್ಲೇನು? ಅದನ್ನೇ ನೋಡು, ಕಣ್ತುಂಬಾ."

ಬಾಷಾ ಸಾಬರು ನಮ್ಮೂರಿನಲ್ಲಿ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವವರು. ಅವರ ಗಾಡಿ ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಒಂದು ಓಣಿಯಲ್ಲಿ ಬಿಸಿಯಾಗಿ ನಿಲ್ಲುತ್ತದೆ. ತಳ್ಳಿಕೊಂಡು ನಮ್ಮ ಗ್ಯಾರೇಜಿಗೆ ಬರುತ್ತಾರೆ. ದೊಡ್ಡಪ್ಪ ಆಯಿಲ್ ಬದಲಿಸುತ್ತಾರೆ, ಪ್ಲಗ್ ಉಜ್ಜುತ್ತಾರೆ, ಸಾಬರಿಗೆ ಬೈಯುತ್ತಾರೆ. ಮುಂದಿನ ವಾರ ಮತ್ತೆ ಅದೇ. ನಾನು ಕಂಡಾಗಿನಿಂದ ಹೀಗೇ ನಡೆದಿದೆ.

ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಶಾಲೆ ಬಿಟ್ಟ ಮೇಲೆ ನಾನು ಕೂರುತ್ತಿದ್ದದ್ದು ಶಿರಾಳಕೊಪ್ಪ ರಸ್ತೆಯಲ್ಲಿರುವ ದೊಡ್ಡಪ್ಪನ ಗ್ಯಾರೇಜಿನಲ್ಲಿ. ಅವರು ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಮೊದಲು ಕಂಡವಳು ನಾನು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಷ್ಟಪಟ್ಟು ಪಡೆದದ್ದನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

ಈಗ ಒಂದು ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಪಾಠ ಮಾಡುತ್ತೇನೆ. ಪಾಠ ಅಂದರೆ ಬೋರ್ಡಿನ ಮೇಲೆ. ದ್ವಿಚಕ್ರ ವಾಹನದ ವರ್ಕ್‌ಶಾಪಿನ ಕೀಲಿ ಗಂಡಸರ ಕೈಯಲ್ಲೇ ಇತ್ತು. ಹೊರದೇಶದಲ್ಲಿ ಮೂರು ವಾರದ ಬೋಧಕರ ತರಬೇತಿ, ವಿಷಯ ನಗರದ ನಿಧಾನ ಓಡಾಟದಲ್ಲಿ ಎಂಜಿನ್ ಬಿಸಿಯಾಗುವುದು ಎಂದು ಪತ್ರ ಬಂದಾಗ ನಾನೊಬ್ಬಳೇ ಹೆಸರು ಕೊಟ್ಟೆ. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ, "ಸರ್ಟಿಫಿಕೇಟ್ ತಗೊಂಡು ಬನ್ರಿ, ವರ್ಕ್‌ಶಾಪ್ ನಿಮಗೇ ಕೊಡ್ತೀನಿ. ಹಾಜರಿ ಪತ್ರ ತಂದ್ರೆ ಆಗಲ್ಲ ಮತ್ತೆ" ಎಂದರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾದವರಿಗೆ ಸರ್ಟಿಫಿಕೇಟು, ಉಳಿದವರಿಗೆ ಹಾಜರಿ ಪತ್ರ. ನಾನು ಹೊರಟದ್ದು ಆ ಕೀಲಿಗಾಗಿ.

ನನ್ನ ಅಮ್ಮ ಸೊರಬದ ಕಡೆಯ ಉಳವಿಯವಳು. ಅವಳ ಚಿಂತೆಯೇ ಬೇರೆ. "ಅಲ್ಲಿ ಎಂತ ತಿಂತಾರೇನ. ಕಪ್ಪೆ ಗಿಪ್ಪೆ ಹಾಕಿದ್ರೆ ಕೇಳಿಬಿಟ್ಟು ತಿನ್ನು ಮಾರಾಯ್ತಿ" ಎಂದು ಶೇಂಗಾ ಚಟ್ನಿಪುಡಿ ಕಟ್ಟಿದಳು. ದೊಡ್ಡಪ್ಪ, ನಾನು ಹೊರಡುವಾಗ ತಮ್ಮ ಕೆಂಪು ಹಿಡಿಯ ಸಣ್ಣ ಸ್ಕ್ರೂಡ್ರೈವರನ್ನು ನನ್ನ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿದರು. ಎಂಜಿನ್ನಿಗೆ ಪೆಟ್ರೋಲ್ ಅಳೆದು ಬಿಡುವ ಕಾರ್ಬುರೇಟರಿನ ಕೆಲಸಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅವರು ಅದನ್ನು ಮುಟ್ಟುತ್ತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ

ಆ ಸ್ಕ್ರೂಡ್ರೈವರಿನಿಂದಲೇ ಮೊದಲ ಪಜೀತಿ. ಕೈಚೀಲದಲ್ಲಿ ಇದ್ದದ್ದನ್ನು ಯಂತ್ರ ಹಿಡಿಯಿತು. ಖಾಕಿ ತೊಟ್ಟ ಹೆಂಗಸು ಅದನ್ನು ಎತ್ತಿ ಹಿಡಿದು, "ಏನ್ರೀ ಇದು? ವಿಮಾನ ರಿಪೇರಿ ಮಾಡೋಕೆ ಹೊರಟ್ರಾ?" ಎಂದಳು. ಸರದಿಯಲ್ಲಿದ್ದವರೆಲ್ಲ ನಕ್ಕರು. ಇಲ್ಲೇ ಬಿಟ್ಟು ಹೋಗಿ ಎಂದಳು. ಬಿಡಲು ಮನಸ್ಸಾಗಲಿಲ್ಲ. ಉಲ್ಟಾ ಓಡಿ, ಕೌಂಟರಿನವರ ಕಾಲು ಹಿಡಿಯುವುದೊಂದು ಬಾಕಿ ಉಳಿಸಿ, ಕೈಚೀಲವನ್ನೂ ಸಾಮಾನಿನ ಜೊತೆ ಕಳಿಸಿ, ಮತ್ತೆ ಸರದಿಗೆ ನಿಂತೆ. ಮೊದಲ ವಿಮಾನ ಪ್ರಯಾಣದ ಬಗ್ಗೆ ಎಲ್ಲರೂ ಮೋಡ ಕಂಡದ್ದನ್ನು ಬರೆಯುತ್ತಾರೆ. ನಾನು ಬಾಗಿಲು ಮುಚ್ಚಿತೇನೋ ಎಂದು ಓಡಿದ ಏದುಸಿರನ್ನೇ ದಾರಿಯುದ್ದಕ್ಕೂ ಬಿಡುತ್ತಾ ಕೂತಿದ್ದೆ.

ಸೈಗಾನ್, ಮೊದಲ ಬೆಳಿಗ್ಗೆ

ವಿಯೆಟ್ನಾಮಿನ ಈ ಊರಿಗೆ ದೊಡ್ಡ ಹೊಸ ಹೆಸರಿದೆ. ಬೀದಿಯ ಜನ ಮಾತ್ರ ಸೈಗಾನ್ ಅಂತಲೇ ಕರೆಯುತ್ತಾರೆ.

ಹಾಸ್ಟೆಲಿನ ಬಾಗಿಲು ತೆರೆದರೆ ರಸ್ತೆ ಕಾಣಲಿಲ್ಲ, ಬರೀ ಬೈಕು. ನಮ್ಮೂರಿನಲ್ಲಿ ಜಾತ್ರೆಗೆ ಜನ ಸೇರುವಂತೆ ಅಲ್ಲಿ ಯಾವ ಕಾರಣವೂ ಇಲ್ಲದೆ ಬೈಕು ಸೇರುತ್ತವೆ. ಎಲ್ಲರೂ ಹಾರ್ನ್ ಮಾಡುತ್ತಾರೆ, ಯಾರೂ ಸಿಟ್ಟಾಗುವುದಿಲ್ಲ. ಶಿಕಾರಿಪುರದಲ್ಲಿ ಅಷ್ಟು ಹಾರ್ನ್ ಆಗಿದ್ದರೆ ಇಷ್ಟರಲ್ಲಿ ಎರಡು ಜಗಳ, ಒಂದು ಪಂಚಾಯ್ತಿ ಮುಗಿದಿರುತ್ತಿತ್ತು. ರಸ್ತೆ ದಾಟಲು ನಾನು ಹತ್ತು ನಿಮಿಷ ನಿಂತೆ. ಓಡಿದೆ, ಹಿಂದೆ ಬಂದೆ, ಮತ್ತೆ ಓಡಿದೆ. ಕೊನೆಗೆ ಸೊಪ್ಪಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನನ್ನ ಮೊಣಕೈ ಹಿಡಿದು, ನದಿಯೊಳಗೆ ಇಳಿದ ಹಾಗೆ ಇಳಿದಳು. ನಿಲ್ಲಲಿಲ್ಲ, ಓಡಲೂ ಇಲ್ಲ. ಬೈಕುಗಳು ನಮ್ಮ ಎರಡೂ ಬದಿಗೆ ಸೀಳಿಕೊಂಡು ಹೋದವು.

ಇನ್ನೊಂದು ನೋಡಿ. ಬಿಸಿಲಿನ ಹೊತ್ತು ಕೆಂಪು ದೀಪ ಬಿದ್ದರೆ ಅವರು ಗೆರೆಯವರೆಗೆ ಬಂದು ನಿಲ್ಲುವುದಿಲ್ಲ. ಎಷ್ಟೋ ದೂರದಲ್ಲಿ ಒಂದು ಮರ ಇದ್ದರೆ ಅದರ ನೆರಳಿನಲ್ಲೇ ನಿಂತುಬಿಡುತ್ತಾರೆ. ಮುಂದೆ ರಸ್ತೆ ಖಾಲಿ, ಹಿಂದೆ ನೆರಳಿನಷ್ಟೇ ಅಗಲಕ್ಕೆ ಬೈಕುಗಳ ರಾಶಿ. ನಾನಾಗಿದ್ದರೆ ಗೆರೆ ದಾಟಿ ಮೂತಿ ಚಾಚಿ ನಿಲ್ಲುತ್ತಿದ್ದೆ. ನನಗೆ ನಿಂತಲ್ಲಿ ನಿಲ್ಲುವುದು ಬರುವುದಿಲ್ಲ. ಬಸ್ಸಿಗೆ ಕಾಯುವಾಗಲೂ ಸ್ಟ್ಯಾಂಡಿನ ಉದ್ದ ಅಳೆಯುವವಳು ನಾನು. ಅಲ್ಲಿ ಬಾಡಿಗೆ ಬೈಕಿನ ಹಿಂದೆ ಕೂತು ಓಡಾಡುವಾಗ ದಿನಕ್ಕೆ ಹತ್ತು ಸಲ ನಿಲ್ಲಬೇಕಿತ್ತು. ಹತ್ತೂ ಸಲ ನನ್ನ ಪಾದ ತಾನಾಗಿ ಇಲ್ಲದ ಗೇರನ್ನು ಒತ್ತುತ್ತಿತ್ತು.

ಲಾನ್ ಮೇಡಂ ಅವರ ತರಬೇತಿ ಶೆಡ್ಡು

ನಮ್ಮ ಬೋಧಕಿಯ ಹೆಸರು ಲಾನ್. ಐವತ್ತು ದಾಟಿದ, ಮೂಳೆ ಚಕ್ಕಳದ ಹೆಂಗಸು, ಉಗುರಿನಲ್ಲಿ ಆಯಿಲ್ಲು. ಎಲ್ಲರೂ ಅವರನ್ನು 'ಕೋ ಲಾನ್' ಎನ್ನುತ್ತಿದ್ದರು. ಕೋ ಎಂದರೆ ಅಪ್ಪನ ತಂಗಿ, ಟೀಚರನ್ನೂ ಹಾಗೇ ಕರೆಯುತ್ತಾರಂತೆ. ಅಲ್ಲಿನವರು ಹೆಸರು ಕೇಳುವ ಮೊದಲು ವಯಸ್ಸು ಕೇಳುತ್ತಾರೆ. ವಯಸ್ಸು ಗೊತ್ತಾಗದೆ ಏನೆಂದು ಕರೆಯಬೇಕೋ ಗೊತ್ತಾಗುವುದಿಲ್ಲ. ನಮ್ಮಲ್ಲಿ ಗುರುತಿಲ್ಲದವರಿಗೆಲ್ಲ ಒಂದು 'ರೀ' ಹಾಕಿ ಪಾರಾಗುತ್ತೇವೆ. ಅವರಿಗೆ ಆ ಅನುಕೂಲವಿಲ್ಲ, ಪಾಪ.

ಮೊದಲ ದಿನ ಕೂತು ಕೆಲಸ ಮಾಡುವಾಗ ನನ್ನ ಪ್ಯಾಂಟು ಮೇಲೆ ಸರಿದು ಬಲ ಮೀನಖಂಡದ ಮೇಲಿನ ಹಳೆಯ ಕಲೆ ಕಂಡಿತು. ಏಳನೇ ಕ್ಲಾಸಿನಲ್ಲಿ ಸೈಲೆನ್ಸರ್ ತಾಗಿ ಸುಟ್ಟದ್ದು. ಲಾನ್ ಮೇಡಂ ಅದನ್ನು ನೋಡಿ ತಮ್ಮ ಪ್ಯಾಂಟಿನ ಅಂಚು ಎತ್ತಿದರು. ಅದೇ ಜಾಗ, ಅದೇ ಆಕಾರ. "ಈ ಊರಿನಲ್ಲಿ ಎಲ್ಲರಿಗೂ ಇದೆ. ನೀನು ಇಲ್ಲಿಯವಳೇ" ಎಂದು ತಮ್ಮ ತುಂಡು ಇಂಗ್ಲಿಷಿನಲ್ಲಿ ಹೇಳಿದರು.

ಪರೀಕ್ಷೆ ಸರಳ. ಪ್ರತಿಯೊಬ್ಬರಿಗೂ ಒಂದೊಂದು ಹಳೆಯ ಬೈಕು, ಗಾಳಿಯಿಂದ ತಣಿಯುವ ಎಂಜಿನ್ನಿನದು. ನಾವು ಅದನ್ನು ಬಿಚ್ಚಿ, ಜೋಡಿಸಿ, ಹದಗೊಳಿಸಬೇಕು. ಆಮೇಲೆ ಬೆಳಗಿನ ಹಣ್ಣಿನ ಮಾರುಕಟ್ಟೆಯ ಗದ್ದಲದಲ್ಲಿ ಒಂದು ಗಂಟೆ ಓಡಿಸಬೇಕು. ಓಡಿಸುವವರು ಅಲ್ಲಿಯವರು. ನಾವು ಹಿಂದೆ ಕೂತು ಶಾಖದ ಮೀಟರ್ ಹಿಡಿಯಬೇಕು. ಮುಳ್ಳು ಕೆಂಪು ಗೆರೆ ದಾಟಿದರೆ, ಇಲ್ಲವೇ ಗಾಡಿ ತಾನಾಗಿ ಕೆಟ್ಟು ನಿಂತರೆ, ಫೇಲು. ಅವಕಾಶ ಎರಡೇ.

ನಾನು ಗ್ಯಾರೇಜಿನಲ್ಲಿ ಬೆಳೆದವಳು. ಬೇರೆ ದೇಶದವರು ಪುಸ್ತಕ ತೆರೆದು ನೋಡುವಾಗ ನಾನು ಕಣ್ಣು ಮುಚ್ಚಿ ಕವಾಟದ ಟ್ಯಾಪೆಟ್ ಸಂದು ಹೊಂದಿಸುತ್ತಿದ್ದೆ. ಎಂಜಿನ್ನಿನ ಮೈಮೇಲೆ ಗಾಳಿ ಹಿಡಿಯುವ ರೆಕ್ಕೆಗಳ ನಡುವಿನ ಮಣ್ಣನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದೆ. ಹೊಸ ಆಯಿಲ್, ಹೊಸ ಪ್ಲಗ್. ಎಲ್ಲರಿಗಿಂತ ಮೊದಲು ಮುಗಿಸಿ ಕೈ ಒರೆಸಿಕೊಂಡೆ. ಸೊಕ್ಕು ಅನ್ನಿ, ಪರವಾಗಿಲ್ಲ.

ಹಣ್ಣಿನ ಮಾರುಕಟ್ಟೆ

ನನ್ನ ಗಾಡಿ ಓಡಿಸಿದವರು ಬಾಡಿಗೆ ಬೈಕಿನ ಹಳೆಯ ಸವಾರ, ಹೆಸರು ತೂ. ತೂ ಎಂದರೆ ನಾಲ್ಕು. ಆ ಕಡೆ ಮಕ್ಕಳನ್ನು ಹುಟ್ಟಿದ ಕ್ರಮದ ನಂಬರಿನಿಂದ ಕರೆಯುತ್ತಾರೆ. ಅದರಲ್ಲೂ ಮೊದಲನೆಯದಕ್ಕೆ ಎರಡು ಎಂದೇ ಶುರು, ಹಾಗಾಗಿ ನಾಲ್ಕು ಎಂದರೆ ಮೂರನೆಯ ಮಗ. ನನಗೆ ಅವರು ನಾಲ್ಕನೇ ಚಿಕ್ಕಪ್ಪ ಆದರು. ಚಟ್ನಿಪುಡಿಯ ರುಚಿ ತೋರಿಸಿದ ಮೇಲೆ ದಿನಾ ಬೆಳಿಗ್ಗೆ ಅಂಗೈ ಚಾಚಿ ನಿಲ್ಲುತ್ತಿದ್ದರು.

ಮೊದಲ ಅರ್ಧ ಗಂಟೆ ಮುಳ್ಳು ಸುಮ್ಮನಿತ್ತು. ಮಾರುಕಟ್ಟೆಯ ಬಾಯಿಗೆ ಬಂದಾಗ ಸಾಲು ಹರಿಯುವುದನ್ನು ಬಿಟ್ಟಿತು. ಹತ್ತು ಅಡಿ ಮುಂದೆ, ಎರಡು ನಿಮಿಷ ನಿಲುಗಡೆ. ಮುಂದಿನವನ ಹಿಂದೆ ಹಲಸಿನ ಹಣ್ಣಿನ ಬುಟ್ಟಿ, ಪಕ್ಕದವಳ ಕಾಲಸಂದಿಯಲ್ಲಿ ಬಾತುಕೋಳಿ. ನನ್ನ ತೊಡೆಗೆ ಎಂಜಿನ್ನಿನ ಕಾವು ಒಲೆಯ ಮುಂದೆ ಕೂತ ಹಾಗೆ ತಾಗುತ್ತಿತ್ತು. ಮುಳ್ಳು ಏರಿತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದೆ ಗುಂಯ್ ಎನ್ನುತ್ತಲೇ ಇತ್ತು. ಆಮೇಲೆ ಟಕಟಕ ಶುರುವಾಯಿತು. ಮುಳ್ಳು ಕೆಂಪು ಗೆರೆ ದಾಟಿತು. ನಡು ಕ್ರಾಸಿನಲ್ಲಿ, ನಾಲ್ಕೂ ಕಡೆಯ ಬೈಕುಗಳ ಮಧ್ಯೆ, ಗಾಡಿ ಸತ್ತಿತು.

ನಾನು ಇಳಿದು ದುಪಟ್ಟಾಕ್ಕೆ ಬಾಟಲಿಯ ನೀರು ಸುರಿದು ಎಂಜಿನ್ನಿಗೆ ಸುತ್ತಲು ಹೋದೆ. ಬಾಷಾ ಸಾಬರು ಗೋಣಿ ತಟ್ಟನ್ನು ಹಾಗೇ ಸುತ್ತುತ್ತಿದ್ದರು. ತೂ ಚಿಕ್ಕಪ್ಪ ನನ್ನ ಕೈ ಹಿಡಿದು ಬೇಡ ಎಂದು ತಲೆ ಅಲ್ಲಾಡಿಸಿದರು. ಕಾದ ಎಂಜಿನ್ನಿಗೆ ನೀರು ಬಿದ್ದರೆ ಸೀಳು ಬಿಡಬಹುದು. ಇದು ನನಗೂ ಗೊತ್ತಿತ್ತು, ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಗಾಡಿಯನ್ನು ಮರದ ನೆರಳಿಗೆ ತಳ್ಳಿದೆವು. ಫುಟ್‌ಪಾತಿನ ಹೆಂಗಸು ಕೇಳದೆಯೇ ಎರಡು ಲೋಟ ಐಸ್ ಚಹಾ ಕೊಟ್ಟಳು. ತೂ ಚಿಕ್ಕಪ್ಪ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಆರಾಮಾಗಿ ಕುಡಿದರು. ನಾನು ಗಾಡಿಯ ಸುತ್ತ ಸುತ್ತಿದೆ.

ಫೋನು

ಎರಡನೇ ಅವಕಾಶಕ್ಕೆ ಇನ್ನೂ ಎರಡು ದಿನ ಇತ್ತು. ಶೆಡ್ಡಿನಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಶೆಡ್ಡಿಗೆ ನಡೆದೆ. ಪ್ರತಿ ಮೂಲೆಯಲ್ಲೂ ಗಾಳಿ ಪಂಪು, ಒಂದು ಹಳೆಯ ಟೈರು ಇಟ್ಟುಕೊಂಡು ಕೂತ ಬೀದಿ ಮೆಕ್ಯಾನಿಕ್. ಒಬ್ಬೊಬ್ಬರೂ ದೊಡ್ಡಪ್ಪನಂತೆಯೇ ಒಂದು ಕಿವಿ ವಾಲಿಸಿ ಎಂಜಿನ್ ಕೇಳುವವರು. ನೋಡಿ ಅಳು ಬಂತು. ದೊಡ್ಡಪ್ಪನಿಗೆ ಫೋನು ಮಾಡಿದೆ.

"ಏನವಾ, ಆತೇನು ಪರೀಕ್ಷೆ?"

"ನಡೀತಾ ಐತೆ ದೊಡ್ಡಪ್ಪ."

"ಎಂಜಿನ್ ಬಿಸಿ ಆತೇನು?"

"ಇಲ್ಲ."

"ಆಗಂಗಿಲ್ಲ. ನಮ್ಮ ಕೈಯಾಗ ಬೆಳೆದೀಯಲ್ಲ" ಎಂದರು. ಅಂಥ ಮೆಚ್ಚುಗೆಯ ಮಾತನ್ನು ಅವರ ಬಾಯಲ್ಲಿ ಕೇಳಲು ನಾನು ಹನ್ನೆರಡು ವರ್ಷ ಕಾದಿದ್ದೆ. ಕೇಳಿದಾಗ ನಾನು ಸುಳ್ಳು ಹೇಳಿ ನಿಂತಿದ್ದೆ.

ಅರ್ಧ ಸುತ್ತು

ಮರುದಿನ ಲಾನ್ ಮೇಡಂ ಎಂಜಿನ್ನನ್ನು ಮುಟ್ಟಲೇ ಇಲ್ಲ. ಏನೇನು ಮಾಡಿದೆ, ಹೇಳು ಎಂದರು. ಒಂದೊಂದಾಗಿ ಹೇಳಿದೆ. ಎಲ್ಲ ಸರಿ ಎಂದರು. "ಹಾಗಾದರೆ ಇನ್ನೊಂದು ಗಾಡಿಯ ಮೇಲೆ ಮೊದಲಿನಿಂದ ಮಾಡಿ ತೋರಿಸು. ನಾನು ಮಾತಾಡುವುದಿಲ್ಲ."

ಬೆಳಗಿನಿಂದ ಮಧ್ಯಾಹ್ನದವರೆಗೆ ಮಾಡಿದೆ. ಅವರು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನನ್ನ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದರು. ಎಲ್ಲ ಮುಗಿಯಿತು, ಗಾಡಿ ಸ್ಟಾರ್ಟ್ ಆಯಿತು, ಸದ್ದು ಹದವಾಗಿತ್ತು. ನಾನು ಬಟ್ಟೆಗೆ ಕೈ ಒರೆಸಿ, ಕೆಂಪು ಹಿಡಿಯ ಸ್ಕ್ರೂಡ್ರೈವರ್ ಜೇಬಿಗೆ ಹಾಕುವ ಮುನ್ನ ಕಾರ್ಬುರೇಟರಿನ ಬದಿಗೆ ಒಯ್ದೆ. ಲಾನ್ ಮೇಡಂ ನನ್ನ ಮಣಿಕಟ್ಟು ಹಿಡಿದರು.

"ಇದು ಏನು?"

"ಇದಾ? ಇದೇನೂ ಇಲ್ಲ. ಪೆಟ್ರೋಲ್ ಸ್ಕ್ರೂ ಅರ್ಧ ಸುತ್ತು ಟೈಟ್ ಮಾಡೋದು. ಎಲ್ಲರೂ ಮಾಡುತ್ತಾರೆ."

"ಎಲ್ಲರೂ ಎಂದರೆ ಯಾರು?"

ಎಲ್ಲರೂ ಎಂದರೆ ದೊಡ್ಡಪ್ಪ.

ನಮ್ಮ ಗ್ಯಾರೇಜಿಗೆ ಬರುವ ಗಿರಾಕಿ ಮೊದಲು ಕೇಳುವ ಪ್ರಶ್ನೆ ಒಂದೇ: "ಮೈಲೇಜ್ ಕೊಡ್ತದೇನ್ರೀ?" ಅದಕ್ಕೆ ದೊಡ್ಡಪ್ಪ ಪ್ರತಿ ಗಾಡಿಗೂ ಕೊನೆಯಲ್ಲಿ ಆ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿ ಪೆಟ್ರೋಲ್ ಇಳಿಸುತ್ತಾರೆ. ಗಿರಾಕಿ ಸೊರಬಕ್ಕೆ ಹೋಗಿ ಬರುತ್ತಾನೆ, ಟ್ಯಾಂಕಿನಲ್ಲಿ ಇನ್ನೂ ಉಳಿದದ್ದು ನೋಡಿ ಖುಷಿಪಡುತ್ತಾನೆ. ನಾನು ಎಂಟನೇ ವಯಸ್ಸಿನಿಂದ ನೋಡಿದ್ದೇನೆ. ಅದು ನನಗೆ ಕೆಲಸ ಎಂದೇ ಅನ್ನಿಸುತ್ತಿರಲಿಲ್ಲ. ಕೈ ಒರೆಸಿಕೊಂಡದ್ದನ್ನು ಯಾರಾದರೂ ಪಟ್ಟಿಯಲ್ಲಿ ಹೇಳುತ್ತಾರೆಯೇ? ವರ್ಷಗಟ್ಟಲೆ ಎಂಜಿನಿಯರಿಂಗ್ ಪುಸ್ತಕ ಓದಿದ್ದು ತಲೆಯಲ್ಲಿತ್ತು. ಈ ಅರ್ಧ ಸುತ್ತು ಕೈಯಲ್ಲಿತ್ತು. ಎರಡಕ್ಕೂ ಪರಿಚಯವೇ ಆಗಿರಲಿಲ್ಲ.

ಲಾನ್ ಮೇಡಂ ನಗಲಿಲ್ಲ. "ನಿಮ್ಮ ರಸ್ತೆಯಲ್ಲಿ ಗಾಳಿ ಇದೆ. ಗಾಡಿ ಓಡುತ್ತದೆ, ಗಾಳಿ ತಣಿಸುತ್ತದೆ. ಅಲ್ಲಿ ನಡೆದೀತು. ಇಲ್ಲಿ ನಿಂತ ಗಾಡಿಗೆ ಗಾಳಿ ಇಲ್ಲ. ಒಳಗೆ ಬರುವ ಪೆಟ್ರೋಲೂ ಎಂಜಿನ್ನನ್ನು ತಣಿಸುತ್ತದೆ. ಅದನ್ನೂ ಕಿತ್ತುಕೊಂಡರೆ ಅದು ಏನು ಮಾಡಬೇಕು?"

ನನಗೆ ಥಟ್ಟನೆ ಬಾಷಾ ಸಾಬರು ಕಂಡರು. ಬೇರೆ ಗಿರಾಕಿಗಳೆಲ್ಲ ಊರಿಂದ ಊರಿಗೆ ಓಡುವವರು. ಸಾಬರೊಬ್ಬರೇ ಮೊದಲ ಗೇರಿನಲ್ಲಿ ಓಣಿ ಓಣಿ ತೆವಳುವವರು. ಪ್ರತಿ ಮನೆಯ ಮುಂದೆ ಎಂಜಿನ್ ಆರಿಸದೆ ನಿಂತು ಕೂಗುವವರು. ಅವರ ಗಾಡಿಗೆ ಶಿಕಾರಿಪುರವೇ ಸೈಗಾನು. ವಾರವಾರ ಬಂದಾಗಲೂ ದೊಡ್ಡಪ್ಪ ಆಯಿಲ್ ಬದಲಿಸಿ, ಪ್ಲಗ್ ಉಜ್ಜಿ, ಕೊನೆಗೆ ಪ್ರೀತಿಯಿಂದ ಇನ್ನೊಂದು ಚೂರು ಬಿಗಿ ಮಾಡಿ ಕಳಿಸುತ್ತಿದ್ದರು.

ನಾನು ನೆಲದ ಮೇಲೇ ಕೂತುಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮತ್ತೆ ಮಾರುಕಟ್ಟೆ

ಎರಡನೇ ಸಲ ಸ್ಕ್ರೂ ಅದರ ಜಾಗದಲ್ಲೇ ಇತ್ತು. ಸ್ಕ್ರೂಡ್ರೈವರನ್ನು ಪರೀಕ್ಷೆ ಮುಗಿಯುವವರೆಗೆ ಲಾನ್ ಮೇಡಂ ಕೈಗೆ ಕೊಟ್ಟು ಬಂದಿದ್ದೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಅದೇ ಸಾಲು, ಅದೇ ಹಲಸು. ಮುಳ್ಳು ಏರಿತು. ಅರ್ಧಕ್ಕೆ ಬಂತು, ದಾಟಿತು, ಕೆಂಪು ಗೆರೆಯ ಪಕ್ಕಕ್ಕೆ ಬಂತು. "ಚಿಕ್ಕಪ್ಪಾ, ಹೋಗಿ, ಸಂದಿ ಇದೆ, ನುಗ್ಗಿ" ಎಂದು ಕನ್ನಡದಲ್ಲೇ ಕೂಗಿದೆ. ತೂ ಚಿಕ್ಕಪ್ಪ ನುಗ್ಗಲಿಲ್ಲ. ಕ್ರಾಸಿನಿಂದ ಅಷ್ಟು ದೂರದಲ್ಲಿ ಒಂದು ಮರದ ನೆರಳು ಕಂಡಿತು, ಅಲ್ಲೇ ನಿಂತರು. ಎಂಜಿನ್ ಆರಿಸಿದರು. ಸಿಗ್ನಲ್ಲಿನ ಕೆಂಪು ಅಂಕಿ ಒಂದೊಂದಾಗಿ ಇಳಿಯುತ್ತಿತ್ತು. ನಾನು ಮೊದಲ ಸಲ ಕಾಲು ಅಲ್ಲಾಡಿಸದೆ ಕೂತೆ. ಮುಳ್ಳು ನಿಂತಿತು. ಆಮೇಲೆ ಕೂದಲೆಳೆಯಷ್ಟು ಇಳಿಯಿತು. ಸಿಗ್ನಲ್ ಬಿಟ್ಟಾಗ ಒಂದೇ ಒದೆತಕ್ಕೆ ಗಾಡಿ ಎದ್ದಿತು.

ಗಂಟೆ ಮುಗಿದಾಗ ಗೆರೆ ದಾಟಿರಲಿಲ್ಲ. ಬಹಳ ಅಂತರವೇನೂ ಇರಲಿಲ್ಲ. ಆದರೂ ಪಾಸು ಪಾಸೇ.

ಶಿಕಾರಿಪುರ, ವಾಪಸು

ಬಸ್ಸಿಳಿದು ನೇರ ಗ್ಯಾರೇಜಿಗೇ ಹೋದೆ. ಬಾಷಾ ಸಾಬರ ಗಾಡಿ ಸ್ಟ್ಯಾಂಡಿನ ಮೇಲಿತ್ತು, ಎಂಜಿನ್ನಿಗೆ ಒದ್ದೆ ಗೋಣಿ. ಸಾಬರು ಕಲ್ಲಿನ ಮೇಲೆ ಕೂತು ದೊಡ್ಡಪ್ಪನನ್ನು ಕೆಣಕುತ್ತಿದ್ದರು. "ಬಸಣ್ಣ, ನನ್ನ ಮೀನು ಪೆಟ್ಟಿಗೇಲಿ ಬೇಯ್ತಾವೆ ಕಣಯ್ಯ. ಇನ್ಮೇಲೆ ಸಾರೇ ಮಾರ್ತೀನಿ."

ನಾನು ಸರ್ಟಿಫಿಕೇಟ್ ತೆಗೆದೆ. ದೊಡ್ಡಪ್ಪ ಕೈ ಹಿಂದೆ ಎಳೆದುಕೊಂಡರು. "ಗ್ರೀಸ್ ಐತೆ, ನೀನೇ ಹಿಡ್ಕ." ಅಲ್ಲಿಂದಲೇ ಬಗ್ಗಿ ನೋಡಿದರು. "ನಿನ್ನ ಹೆಸರು ಎಲ್ಲೈತೆ?" ತೋರಿಸಿದೆ. "ಇದು ನಿಮ್ಮಪ್ಪನ ಹೆಸರೇನು?" ಹೌದು ಎಂದೆ. ಅವರು ಹೋಗಿ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸೋಪು ಹಚ್ಚಿ, ಮತ್ತೆ ತೊಳೆದು ಬಂದರು.

ಕೊಡುವ ಮೊದಲು ಹೇಳಿಬಿಡಬೇಕು ಅನ್ನಿಸಿತು. ಫೋನಿನಲ್ಲಿ ಸುಳ್ಳು ಹೇಳಿದ್ದು, ಮೊದಲ ಸಲ ಫೇಲಾದದ್ದು, ಅರ್ಧ ಸುತ್ತು, ನಿಂತ ಗಾಡಿಗೆ ಗಾಳಿ ಇಲ್ಲದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ದೊಡ್ಡಪ್ಪ ನನ್ನನ್ನು ನೋಡಲಿಲ್ಲ. ಸಾಬರ ಗಾಡಿಯನ್ನು ನೋಡುತ್ತಾ ನಿಂತರು.

"ಹಂಗಾರೆ ಇಷ್ಟು ವರ್ಷ..." ಎಂದರು. ಸಾಬರೂ ನಗುವುದನ್ನು ನಿಲ್ಲಿಸಿದರು.

ಆಮೇಲೆ ದೊಡ್ಡಪ್ಪ ಎರಡೂ ಕೈ ಚಾಚಿದರು. ಸರ್ಟಿಫಿಕೇಟ್ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಸಾಬರ ಕಡೆ ತಿರುಗಿದರು. "ಹಿಡ್ಕೊಳ್ರೀ ಸಾಬ್ರೆ, ಮಡಿಚಬ್ಯಾಡ್ರಿ. ನಮ್ಮ ಹುಡುಗೀದು."

ಕೆಂಪು ಹಿಡಿಯ ಸ್ಕ್ರೂಡ್ರೈವರನ್ನು ನನ್ನಿಂದ ತೆಗೆದುಕೊಂಡು, ಗೋಣಿ ಸರಿಸಿ, ಗಾಡಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತರು. ಅದರ ತುದಿಯನ್ನು ಸ್ಕ್ರೂವಿನ ಮೇಲಿಟ್ಟು ನನ್ನತ್ತ ನೋಡಿದರು.

"ಹೇಳವಾ. ಎಷ್ಟು ಲೂಸ್ ಬಿಡ್ಲಿ?"